ಹಳ್ಳಿಗೆ ಹೋದರೆ ಮನೆ ಸಾಲ ಬೇಗ ತೀರುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಈ ಲೆಕ್ಕ ನೋಡಿ

"ಪಟ್ಟಣ ಬಿಟ್ಟು ಊರು ಸೇರಿ. ಖರ್ಚು ಅರ್ಧಕ್ಕೆ ಇಳಿಯುತ್ತದೆ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚು ಕಟ್ಟಿ, 20 ವರ್ಷದ ಮನೆ ಸಾಲ 12 ವರ್ಷಕ್ಕೆ ಮುಗಿಯುತ್ತದೆ." ಈ ಧಾಟಿಯ ಸಂದೇಶವೋ ರೀಲೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಓದಲು ಹಿತವಾಗಿದೆ. ಹಸಿರು ಗದ್ದೆ, ಹಂಚಿನ ಮನೆ, ತಲೆ ಮೇಲೆ ಸಾಲವಿಲ್ಲದ ನೆಮ್ಮದಿ ಯಾರಿಗೆ ಬೇಡ? ಆದರೆ ಇದನ್ನು ನಂಬಿ ಕೆಲಸ ಬಿಡುವ ಅಥವಾ ಕೂಡಿಟ್ಟ ಹಣವನ್ನೆಲ್ಲ ಬ್ಯಾಂಕಿಗೆ ಕಟ್ಟಿಬಿಡುವ ಕುಟುಂಬಕ್ಕೆ ಇದು ಬದುಕಿನ ಪ್ರಶ್ನೆ. ಹಾಗಾಗಿ ಸಂದೇಶದ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಮನೆ ಕೊಳ್ಳಲು 30 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 8.5, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 26,035 ರೂ. ಬಡ್ಡಿ ದರ ಕೊನೆಯವರೆಗೂ ಬದಲಾಗುವುದಿಲ್ಲ ಎಂದುಕೊಂಡು ಈ ಲೆಕ್ಕ ಹಾಕಲಾಗಿದೆ.

ಮೊದಲು, ಕಂತಿನ ಒಳಗೆ ಏನಿದೆ?

ಮೊದಲ ತಿಂಗಳು ನೀವು ಕಟ್ಟುವ 26,035 ರೂಪಾಯಿಯಲ್ಲಿ 21,250 ರೂ. ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 4,785 ರೂ. ಮಾತ್ರ. ಉಳಿದಿರುವ ಅಸಲಿನ ಮೇಲೆ ಬಡ್ಡಿ ಹಾಕುವುದರಿಂದ ಆರಂಭದ ವರ್ಷಗಳಲ್ಲಿ ಬಡ್ಡಿಯ ಪಾಲು ದೊಡ್ಡದು. ಹತ್ತು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೂ ಸುಮಾರು 21 ಲಕ್ಷ ಅಸಲು ಬಾಕಿ ಇರುತ್ತದೆ. 20 ವರ್ಷ ಪೂರ್ತಿ ಕಟ್ಟಿದರೆ ಒಟ್ಟು ಬಡ್ಡಿ 32 ಲಕ್ಷ ದಾಟುತ್ತದೆ.

ಇದರಲ್ಲಿ ಮೋಸವೇನೂ ಇಲ್ಲ, ಲೆಕ್ಕ ಇರುವುದೇ ಹಾಗೆ. ಬೇಗ ಕಟ್ಟಿದ ಹಣಕ್ಕೆ ಹೆಚ್ಚು ಬಲ ಬರುವುದೂ ಇದೇ ಕಾರಣಕ್ಕೆ. ಮೊದಲ ವರ್ಷದ ಕೊನೆಗೆ 3 ಲಕ್ಷ ರೂ. ಪಾರ್ಟ್ ಪೇಮೆಂಟ್ ಮಾಡಿ ಕಂತನ್ನು ಹಾಗೆಯೇ ಮುಂದುವರಿಸಿದರೆ ಸಾಲ ಸುಮಾರು 4 ವರ್ಷ ಮೊದಲೇ ಮುಗಿಯುತ್ತದೆ. ಅದೇ 3 ಲಕ್ಷವನ್ನು ಹತ್ತನೇ ವರ್ಷದ ಕೊನೆಗೆ ಕಟ್ಟಿದರೆ ಉಳಿಯುವುದು ಸುಮಾರು 2 ವರ್ಷ.

ವರ್ಷಕ್ಕೊಂದು ಕಂತು ಹೆಚ್ಚು ಕಟ್ಟಿದರೆ 12 ವರ್ಷಕ್ಕೆ ಮುಗಿಯುತ್ತದೆಯೇ?

ಇಲ್ಲ. ನಮ್ಮ ಉದಾಹರಣೆಯಲ್ಲಿ ಬೇರೆ ಬೇರೆ ದಾರಿಗಳ ಫಲ ಹೀಗಿದೆ:

- ವರ್ಷಕ್ಕೆ ಒಂದು ಕಂತು ಹೆಚ್ಚು: ಸಾಲ ಸುಮಾರು ಹದಿನಾರೂವರೆ ವರ್ಷಕ್ಕೆ ಮುಗಿಯುತ್ತದೆ.
- ಪ್ರತಿ ತಿಂಗಳು 5,000 ರೂ. ಹೆಚ್ಚು: ಸುಮಾರು 13 ವರ್ಷ 8 ತಿಂಗಳು. ಉಳಿಯುವ ಬಡ್ಡಿ ಸುಮಾರು 11.7 ಲಕ್ಷ.
- ಪ್ರತಿ ತಿಂಗಳು 10,000 ರೂ. ಹೆಚ್ಚು: ಸುಮಾರು ಹತ್ತೂವರೆ ವರ್ಷ. ಉಳಿಯುವ ಬಡ್ಡಿ ಸುಮಾರು 17 ಲಕ್ಷ.
- ಕಂತಿನ ಮೊತ್ತವನ್ನೇ ಪ್ರತಿ ವರ್ಷ ಶೇ 5ರಷ್ಟು ಏರಿಸುತ್ತಾ ಹೋದರೆ: ಸುಮಾರು 12 ವರ್ಷ 3 ತಿಂಗಳು.

ಸಂದೇಶದಲ್ಲಿರುವ 12 ವರ್ಷದ ಹತ್ತಿರಕ್ಕೆ ಬರುವುದು ಕೊನೆಯ ದಾರಿ. ಆದರೆ ಅದರಲ್ಲಿ ಹನ್ನೆರಡನೇ ವರ್ಷದ ಕಂತು 44,500 ರೂ. ಮುಟ್ಟಿರುತ್ತದೆ. ವರ್ಷವರ್ಷವೂ ಸಂಬಳ ಏರುವವರಿಗೆ ಇದು ಸಾಧ್ಯ. ಊರಿಗೆ ಹೋಗಿ ಆದಾಯ ಕಡಿಮೆಯಾದವರಿಗೆ ಇದೇ ದಾರಿ ಕುತ್ತಿಗೆಗೆ ಬರುತ್ತದೆ. ಅಂದರೆ ಸಂದೇಶದ ಎರಡು ಸಲಹೆಗಳು ಒಂದನ್ನೊಂದು ಎಳೆದಾಡುತ್ತವೆ.

ಹಳ್ಳಿಯಲ್ಲಿ ಖರ್ಚು ನಿಜಕ್ಕೂ ಕಡಿಮೆಯೇ?

ಸರಾಸರಿ ನೋಡಿದರೆ ಹೌದು. ಕೇಂದ್ರ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 4,122 ರೂ. ನಗರ ಭಾಗದಲ್ಲಿ 6,996 ರೂ.

ಆದರೆ ಇದು ಈಗಾಗಲೇ ಹಳ್ಳಿಯಲ್ಲಿ ಇರುವವರ ಖರ್ಚು. ಪಟ್ಟಣದಿಂದ ಹೊಸದಾಗಿ ಹೋಗುವವರ ಖರ್ಚು ಬೇರೆ. ಬಾಡಿಗೆ, ಹೋಟೆಲ್ ಊಟ, ದಿನದಿನದ ಆಟೋ, ವಾರಾಂತ್ಯದ ಮಾಲ್ ಖರ್ಚು ತಪ್ಪುತ್ತದೆ. ಹಾಗೆಯೇ ಕೆಲವು ಹೊಸ ಖರ್ಚುಗಳು ಬಂದು ಸೇರುತ್ತವೆ. ಬಸ್ಸು ದಿನಕ್ಕೆರಡೇ ಇದ್ದರೆ ಸ್ವಂತ ಗಾಡಿ ಬೇಕು. ಮನೆಯಿಂದಲೇ ಕೆಲಸ ಮಾಡುವವರಿಗೆ ಯುಪಿಎಸ್ ಬೇಕು, ಎರಡೆರಡು ಇಂಟರ್ನೆಟ್ ಸಂಪರ್ಕ ಬೇಕು. ಹಳೆ ಮನೆಯ ಹಂಚು ಕೈಯಾಡಿಸಬೇಕು. ಬೋರ್‌ವೆಲ್ ಮೋಟಾರು ಸುಟ್ಟರೆ ಆ ವಾರವೇ ಹಣ ಹೊಂದಿಸಬೇಕು. ತಜ್ಞ ವೈದ್ಯರನ್ನು ಕಾಣಲು ಜಿಲ್ಲಾ ಕೇಂದ್ರಕ್ಕೆ ಓಡಬೇಕು. ಕೆಲಸ ಬಿಟ್ಟಿದ್ದರೆ ಕಂಪನಿ ಕೊಡುತ್ತಿದ್ದ ಆರೋಗ್ಯ ವಿಮೆಯೂ ನಿಂತಿರುತ್ತದೆ.

ಮುಖ್ಯ ಮಾತು ಇನ್ನೊಂದಿದೆ. ಖರ್ಚು 12,000 ಇಳಿದು ಸಂಬಳ 15,000 ಇಳಿದರೆ ಉಳಿತಾಯ ಆಗಿಲ್ಲ, ತಿಂಗಳಿಗೆ 3,000 ಕೊರತೆ ಆಗಿದೆ. ಸರಳ ಬದುಕು ಸಾಲ ತೀರಿಸುವುದು ಖರ್ಚಿನ ಇಳಿಕೆ ಆದಾಯದ ಇಳಿಕೆಗಿಂತ ದೊಡ್ಡದಿದ್ದಾಗ ಮಾತ್ರ. ಊರಿಗೆ ಹೋಗುವ ಮೊದಲೇ ಆರು ತಿಂಗಳು ಊರಿನ ಬಜೆಟ್ಟಿನಲ್ಲಿ ಪಟ್ಟಣದಲ್ಲೇ ಬದುಕಿ ನೋಡಬಹುದು. ಉಳಿದ ಹಣ ಎಷ್ಟೆಂದು ಆಗ ಕಣ್ಣಿಗೆ ಕಾಣುತ್ತದೆ.

ಕೈಯಲ್ಲಿರುವುದನ್ನೆಲ್ಲ ಸಾಲಕ್ಕೆ ಕಟ್ಟಿಬಿಟ್ಟರೆ?

ಹೆಚ್ಚು ಅಪಾಯ ಇರುವುದು ಇಲ್ಲಿ. ಸಾಮಾನ್ಯ ಮನೆ ಸಾಲದಲ್ಲಿ ಅಸಲಿಗೆ ಕಟ್ಟಿದ ಹಣ ಬೇಕೆಂದಾಗ ವಾಪಸ್ ಬರುವುದಿಲ್ಲ. "ಹೋದ ವರ್ಷ 3 ಲಕ್ಷ ಹೆಚ್ಚು ಕಟ್ಟಿದ್ದೇವಲ್ಲ, ಈ ನಾಲ್ಕು ತಿಂಗಳ ಕಂತು ಅದರಲ್ಲೇ ಹಿಡಿದುಕೊಳ್ಳಿ" ಎಂದರೆ ಬ್ಯಾಂಕು ಕೇಳುವುದಿಲ್ಲ. ಅದು ಅಸಲಿಗೆ ಜಮೆಯಾದ ಹಣ, ಮುಂದಿನ ಕಂತಿನ ಮುಂಗಡವಲ್ಲ. ಬಾಕಿ 90 ದಿನ ಮೀರಿದರೆ ಸಾಲ ಎನ್‌ಪಿಎ ಎಂದು ದಾಖಲಾಗುತ್ತದೆ. ನಂತರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು ಮನೆಯನ್ನು ವಶಕ್ಕೆ ಪಡೆಯುವ ಪ್ರಕ್ರಿಯೆ ಆರಂಭಿಸಬಹುದು.

ಕೈ ಖಾಲಿಯಾದಾಗ ಆಸ್ಪತ್ರೆ ಖರ್ಚು ಬಂದರೆ ಕೈಸಾಲವೇ ಗತಿ. ಊರಲ್ಲಿ "ನೂರಕ್ಕೆ ಎರಡು ರೂಪಾಯಿ ಬಡ್ಡಿ" ಎಂದರೆ ಸಣ್ಣದಾಗಿ ಕೇಳಿಸುತ್ತದೆ. ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ 24. ನೂರಕ್ಕೆ ಮೂರು ಎಂದರೆ ಶೇ 36. ಶೇ 8.5ರ ಸಾಲ ಬೇಗ ತೀರಿಸುವ ಆತುರಕ್ಕೆ ಬಿದ್ದು ಶೇ 36ರ ಸಾಲ ಮಾಡಿದರೆ ನಾವು ಸಾಲದಿಂದ ಹೊರಬಂದಿಲ್ಲ, ಇನ್ನೂ ಆಳಕ್ಕೆ ಇಳಿದಿದ್ದೇವೆ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಆರು ತಿಂಗಳ ಮನೆ ಖರ್ಚು ಮತ್ತು ಆರು ಕಂತಿನ ಹಣವನ್ನು ಬೇರೆ ಖಾತೆಯಲ್ಲಿ ಅಥವಾ ಎಫ್‌ಡಿಯಲ್ಲಿ ಇಡಿ. ನಮ್ಮ ಉದಾಹರಣೆಯಲ್ಲಿ ಆರು ಕಂತಿಗೇ ಸುಮಾರು 1.56 ಲಕ್ಷ ಬೇಕು. ಎರಡನೆಯದು ಸ್ವಂತ ಆರೋಗ್ಯ ವಿಮೆ. ಮೂರನೆಯದು ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್, ಕೈಸಾಲ ಇವುಗಳಿಂದ ಬಿಡುಗಡೆ. ಇವೆಲ್ಲ ಆದ ಮೇಲೆ ಮಿಕ್ಕಿದ್ದು ಮನೆ ಸಾಲದ ಅಸಲಿಗೆ.

ಅವಧಿ ಕಡಿಮೆ ಮಾಡುವುದೋ, ಕಂತು ಕಡಿಮೆ ಮಾಡುವುದೋ?

ಪಾರ್ಟ್ ಪೇಮೆಂಟ್ ಮಾಡಿದಾಗ ಬ್ಯಾಂಕಿನವರು ಈ ಪ್ರಶ್ನೆ ಕೇಳಬಹುದು. ಬಡ್ಡಿ ಹೆಚ್ಚು ಉಳಿಯುವುದು ಅವಧಿ ಇಳಿಸಿದಾಗಲೇ. ಮೊದಲ ವರ್ಷದ ಕೊನೆಗೆ ಕಟ್ಟಿದ 3 ಲಕ್ಷದಿಂದ ಅವಧಿ ಇಳಿಸಿದರೆ ಕಾಲಕ್ರಮದಲ್ಲಿ ಸುಮಾರು 9.6 ಲಕ್ಷ ಬಡ್ಡಿ ಉಳಿಯುತ್ತದೆ. ಕಂತು ಇಳಿಸಿದರೆ ಅದು 23,380 ರೂ.ಗೆ ಬರುತ್ತದೆ, ಉಳಿಯುವ ಬಡ್ಡಿ ಸುಮಾರು 3 ಲಕ್ಷ ಮಾತ್ರ.

ಹಾಗಾದರೆ ಅವಧಿ ಇಳಿಸುವುದೇ ಜಾಣತನವೇ? ಸಂಬಳ ಖಚಿತವಾಗಿ ಬರುವವರಿಗೆ ಹೌದು. ಊರಲ್ಲಿ ಆದಾಯ ತಿಂಗಳಿಗೊಂದು ರೀತಿ ಇರುವವರಿಗೆ ಇನ್ನೊಂದು ದಾರಿ ಇದೆ. ಕಂತು ಇಳಿಸಿಕೊಳ್ಳಿ, ಆದರೆ ಕೈಯಲ್ಲಿ ಇರುವಾಗ ಹಳೆಯ ಮೊತ್ತವನ್ನೇ ಕಟ್ಟುತ್ತಾ ಹೋಗಿ. ಹೆಚ್ಚುವರಿ ಹಣ ಆಯಾ ತಿಂಗಳೇ ಅಸಲಿಗೆ ಜಮೆಯಾದರೆ ಅವಧಿ ಇಳಿಸಿದಷ್ಟೇ ಲಾಭ ಸಿಗುತ್ತದೆ. ಮಳೆ ಕೈಕೊಟ್ಟ ವರ್ಷ ಸಣ್ಣ ಕಂತು ಕಟ್ಟಿ ಉಸಿರಾಡಬಹುದು.

ಕಾಫಿ, ಅಡಿಕೆಯಂತೆ ವರ್ಷಕ್ಕೊಮ್ಮೆ ದೊಡ್ಡ ಹಣ ಕಾಣುವವರು ಓವರ್‌ಡ್ರಾಫ್ಟ್ ಮಾದರಿಯ ಮನೆ ಸಾಲದ ಬಗ್ಗೆಯೂ ವಿಚಾರಿಸಬಹುದು. ಅದರಲ್ಲಿ ಖಾತೆಯಲ್ಲಿಟ್ಟ ಹೆಚ್ಚುವರಿ ಹಣದಷ್ಟಕ್ಕೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ಆ ಹಣ ತೆಗೆಯಲೂ ಬಹುದು. ಬಡ್ಡಿ ದರ ತುಸು ಹೆಚ್ಚಿರಬಹುದು, ಆದ್ದರಿಂದ ಎರಡನ್ನೂ ಹೋಲಿಸಿ ನೋಡಿ.

ಇನ್ನೂ ಮೂರು ನಂಬಿಕೆಗಳು

"ಮೊದಲೇ ಕಟ್ಟಿದರೆ ಬ್ಯಾಂಕು ದಂಡ ಹಾಕುತ್ತದೆ." ವೈಯಕ್ತಿಕ ಸಾಲಗಾರರ ಫ್ಲೋಟಿಂಗ್ ದರದ ಮನೆ ಸಾಲಕ್ಕೆ ಇಂಥ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಫಿಕ್ಸೆಡ್ ದರದ ಸಾಲವಾದರೆ ಶುಲ್ಕ ಇರಬಹುದು, ಒಪ್ಪಂದದ ಪತ್ರ ಓದಿ.

"ಸಾಲ ಇದ್ದರೆ ತೆರಿಗೆ ಉಳಿಯುತ್ತದೆ, ತೀರಿಸಬೇಡಿ." ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಶೇ 20ರ ಹಂತದಲ್ಲಿರುವವರಿಗೆ ಇದರಿಂದ ಉಳಿಯುವ ತೆರಿಗೆ ಸುಮಾರು 40,000 ರೂ. ಅದಕ್ಕಾಗಿ ಕಟ್ಟಿದ ಬಡ್ಡಿ 2 ಲಕ್ಷ! ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಈ ವಿನಾಯಿತಿಯೇ ಇಲ್ಲ. ಪಟ್ಟಣದ ಮನೆಯನ್ನು ಬಾಡಿಗೆಗೆ ಕೊಟ್ಟು ಊರಿಗೆ ಹೋಗುವವರಿಗೆ ನಿಯಮ ಬೇರೆ, ಬಾಡಿಗೆ ಆದಾಯದಲ್ಲಿ ಬಡ್ಡಿಯನ್ನು ಕಳೆಯಬಹುದು.

"ಹೇಗೂ ಊರಿಗೆ ಹೋಗುತ್ತೇವೆ, ಒಂದೆರಡು ಎಕರೆ ಕೊಂಡುಬಿಡೋಣ." 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಇಲ್ಲಿ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೃಷಿ ಜಮೀನು ಕೊಳ್ಳಲು ಮನೆ ಸಾಲ ಸಿಗುವುದಿಲ್ಲ. ಪರ್ಸನಲ್ ಲೋನ್ ತೆಗೆದು ಜಮೀನು ಕೊಂಡು, ಬೋರ್‌ವೆಲ್ಲಿಗೆ ಮತ್ತೊಂದು ಸಾಲ ಮಾಡಿದರೆ ಸರಳ ಬದುಕಿನ ಹೆಸರಿನಲ್ಲಿ ಮೂರು ಕಂತು ಶುರುವಾಗುತ್ತವೆ.

ಬಡ್ಡಿ ದರ ಏರಿದಾಗ ಏನಾಗುತ್ತದೆ?

ರೆಪೊ ದರ 2022ರ ಮೇ ತಿಂಗಳಿಗೆ ಮೊದಲು ಶೇ 4 ಇದ್ದದ್ದು 2023ರ ಫೆಬ್ರುವರಿ ಹೊತ್ತಿಗೆ ಶೇ 6.5ಕ್ಕೆ ಏರಿತು. ಇಂಥ ಸಮಯದಲ್ಲಿ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಬೆಳೆಸುವುದುಂಟು. ಕಂತು ಬದಲಾಗದ ಕಾರಣ ಸಾಲಗಾರರ ಗಮನಕ್ಕೇ ಬರುವುದಿಲ್ಲ. ಕಂತು ಏರಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿತು. ವರ್ಷಕ್ಕೊಮ್ಮೆಯಾದರೂ ಸ್ಟೇಟ್‌ಮೆಂಟ್ ತೆಗೆದು ಎರಡು ಅಂಕಿ ನೋಡಿ: ಬಾಕಿ ಅಸಲು ಎಷ್ಟು, ಬಾಕಿ ಕಂತು ಎಷ್ಟು.

ಸಾಲ ತೀರಿದ ದಿನ

ಕೊನೆಯ ಕಂತು ಕಟ್ಟಿದರೆ ಕೆಲಸ ಮುಗಿಯಲಿಲ್ಲ. ಸಾಲ ಮುಗಿದ ಪತ್ರ ಮತ್ತು ಮೂಲ ದಾಖಲೆಗಳನ್ನು ಕೇಳಿ ಪಡೆಯಿರಿ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಮರಳಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂ.ನಂತೆ ಪರಿಹಾರ ಕೊಡಬೇಕು. ಸಾಲ ಪಡೆಯುವಾಗ ಉಪನೋಂದಣಿ ಕಚೇರಿಯಲ್ಲಿ ಅಡಮಾನ ನೋಂದಣಿಯಾಗಿದ್ದರೆ ಅದನ್ನು ತೆರವು ಮಾಡಿಸಿ, ಹೊಸ ಇಸಿ ತೆಗೆದು ನೋಡಿ. ಊರಿಗೆ ಹೋದ ಮೇಲೆ ಇದಕ್ಕಾಗಿ ಓಡಾಡುವುದು ಕಷ್ಟ.

ಒಟ್ಟಿನಲ್ಲಿ

ಸರಳವಾಗಿ ಬದುಕಿ ಸಾಲ ಬೇಗ ತೀರಿಸಬಹುದು ಎಂಬುದು ಸುಳ್ಳಲ್ಲ. ಹಳ್ಳಿಗೆ ಹೋದ ಮಾತ್ರಕ್ಕೆ ತೀರುತ್ತದೆ ಎಂಬುದು ಸುಳ್ಳು. ಸಾಲ ಇಳಿಸುವುದು ಪ್ರತಿ ತಿಂಗಳು ಉಳಿದು ಅಸಲಿಗೆ ಸೇರುವ ಹಣ. ಆ ಹಣ ಹಳ್ಳಿಯಲ್ಲೂ ಉಳಿಯಬಹುದು, ಪಟ್ಟಣದಲ್ಲೂ ಉಳಿಯಬಹುದು. ಕಷ್ಟಕಾಲಕ್ಕೆ ಕೈಯಲ್ಲಿ ಒಂದಿಷ್ಟು ಇಟ್ಟುಕೊಂಡು ನಿಧಾನವಾಗಿ ತೀರಿಸಿದವರು, ಎಲ್ಲವನ್ನೂ ಒಮ್ಮೆಗೇ ಕಟ್ಟಿ ಕೈ ಖಾಲಿ ಮಾಡಿಕೊಂಡವರಿಗಿಂತ ಸುರಕ್ಷಿತರು. ಮುಂದಿನ ಬಾರಿ "12 ವರ್ಷದಲ್ಲಿ ಸಾಲಮುಕ್ತಿ" ಎಂಬ ಸಂದೇಶ ಬಂದರೆ, ಕಳಿಸಿದವರಿಗೆ ಒಂದು ಪ್ರಶ್ನೆ ಕೇಳಿ: ಎಷ್ಟು ಸಾಲ, ಎಷ್ಟು ಬಡ್ಡಿ, ತಿಂಗಳಿಗೆ ಎಷ್ಟು ಹೆಚ್ಚು ಕಟ್ಟಿದರೆ? ಉತ್ತರವಿಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸದಿರುವುದೇ ಒಳ್ಳೆಯದು.