ತಣ್ಣನೆಯ ಗಾಳಿಗೂ ದಾರಿ ಬಿಡಿ

ಜಾಗ ಆರಿಸುವಾಗ ನಾವು ಮಣ್ಣು ನೋಡ್ತೇವೆ, ನೀರು ನೋಡ್ತೇವೆ, ಬಿಸಿಲು ಯಾವ ಕಡೆಯಿಂದ ಅಂತಲೂ ನೋಡ್ತೇವೆ. ರಾತ್ರಿಯ ತಣ್ಣನೆ ಗಾಳಿ ಎಲ್ಲಿಂದ ಇಳಿದು ಎಲ್ಲಿ ನಿಲ್ಲುತ್ತದೆ ಎಂದು ಮಾತ್ರ ಕೇಳುವವರಿಲ್ಲ. ಗುಡ್ಡದ ಬುಡದಲ್ಲಿ ಕೃಷಿ ಮಾಡುವವರು ಇದನ್ನು ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಗಾಳಿಗೂ ಭಾರ ಉಂಟು. ಒಂದು ಘನ ಮೀಟರ್ ಗಾಳಿ 20 ಡಿಗ್ರಿಯಲ್ಲಿ ಸುಮಾರು 1.20 ಕಿಲೋ, 0 ಡಿಗ್ರಿಯಲ್ಲಿ 1.29 ಕಿಲೋ. ವ್ಯತ್ಯಾಸ ಅಲ್ಪವೇ, ಆದರೆ ಇಳಿಜಾರಿನಲ್ಲಿ ಅಷ್ಟು ಸಾಕು. ಮೋಡವಿಲ್ಲದ, ಗಾಳಿ ಬೀಸದ ಚಳಿಗಾಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನ ಹಾಗೆಯೇ ಇಳಿಜಾರು ಹಿಡಿದು ಕೆಳಗೆ ಜಾರುತ್ತದೆ. ತಗ್ಗು ಸಿಕ್ಕಿದಲ್ಲಿ ಕೆರೆಯಂತೆ ತುಂಬಿ ನಿಲ್ಲುತ್ತದೆ. ಗುಡ್ಡದ ನಡುವಿನಲ್ಲಿ ಬೆಚ್ಚಗೆ, ಬುಡದಲ್ಲಿ ನಡುಕ!

ನೀಲಗಿರಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಬಿಳಿ ಹಿಮ ಕೂರುವುದು ಹೆಚ್ಚಾಗಿ ಕಣಿವೆಯ ತಗ್ಗುಗಳಲ್ಲಿ. ಏರಿನ ಚಹಾ ಗಿಡಗಳು ಎಷ್ಟೋ ಸಲ ಪಾರಾಗುತ್ತವೆ. 2021ರ ಜುಲೈಯಲ್ಲಿ ಬ್ರೆಜಿಲ್ಲಿನ ಕಾಫಿಗೆ ಹಿಮ ಬಡಿದಾಗಲೂ ತಗ್ಗಿನ ತೋಟಗಳಿಗೆ ಪೆಟ್ಟು ಜಾಸ್ತಿ. (ಆ ವರ್ಷ ನಮ್ಮ ಅರೇಬಿಕಾದವರಿಗೆ ರೇಟು ಏರಿದ್ದರಲ್ಲಿ ಆ ಚಳಿಯ ಪಾಲೂ ಉಂಟು.)

ನಮ್ಮ ತೋಟಗಳಲ್ಲಿ ಹಿಮ ಬೀಳುವುದಿಲ್ಲವಲ್ಲ ಅನ್ನಬಹುದು. ನಿಜ. ಆದರೆ ತಗ್ಗಿನಲ್ಲಿ ಇಬ್ಬನಿ ಬೇಗ ಕೂರುತ್ತದೆ, ತಡವಾಗಿ ಆರುತ್ತದೆ. ಎಲೆ ಒದ್ದೆ ಇದ್ದಷ್ಟು ಹೊತ್ತು ಶಿಲೀಂಧ್ರಕ್ಕೆ ಹಬ್ಬ. ನೀರು ಹತ್ತಿರ ಅಂತ ತರಕಾರಿ ಸಸಿಮಡಿಯನ್ನು ತೋಡಿನ ಬದಿಯಲ್ಲೇ ಮಾಡುವುದು ನಮ್ಮ ರೂಢಿ. ಸ್ವಲ್ಪ ಮೇಲಕ್ಕೆ ಮಾಡಿದರೆ ಕೊಡಪಾನ ಹೊರುವ ಕೆಲಸ ಹೆಚ್ಚು, ಔಷಧಿ ಹೊಡೆಯುವ ಕೆಲಸ ಕಮ್ಮಿ. ನನ್ನ ಓಟು ಕೊಡಪಾನಕ್ಕೆ.

ಇನ್ನೊಂದು, ಬೇಲಿ. ಜಾಗದ ಕೆಳಬದಿಗೆ ದಟ್ಟ ಬೇಲಿಯನ್ನೋ ಕಾಂಪೌಂಡನ್ನೋ ಅಡ್ಡ ಹಾಕಿದರೆ ಚಳಿಗೆ ಕಟ್ಟ ಕಟ್ಟಿದ ಹಾಗೆಯೇ. ಅದೇ ಬೇಲಿ ಮೇಲ್ಬದಿಯಲ್ಲಿ ಓರೆಯಾಗಿದ್ದರೆ ಇಳಿದು ಬರುವ ಗಾಳಿ ಪಕ್ಕಕ್ಕೆ ತಿರುಗುತ್ತದೆ. ಹಂದಿ ಕಾಟ ಇದ್ದವರಿಗೆ ಕೆಳಗೂ ಬೇಲಿ ಬೇಕೇ ಬೇಕು, ಒಪ್ಪಿದೆ. ಹಾಗಿದ್ದರೆ ತಂತಿ ಎಳೆಯಿರಿ. ಗಿಡದ ಬೇಲಿ ಈಗಾಗಲೇ ಇದ್ದರೆ ಅತಿ ತಗ್ಗಿನ ಮೂಲೆಯಲ್ಲಿ ಬುಡದ ಗೆಲ್ಲು ಸವರಿ ಒಂದು ಕಂಡಿ ಬಿಡಿ.

ನಂಬಿಕೆ ಬಾರದಿದ್ದರೆ ಜನವರಿಯಲ್ಲಿ ಒಂದು ಶುಭ್ರ ರಾತ್ರಿ ಊದುಬತ್ತಿ ಹಚ್ಚಿಕೊಂಡು ಇಳಿಜಾರಿನಲ್ಲಿ ಅಲ್ಲಲ್ಲಿ ನಿಂತು ನೋಡಿ. ಹೊಗೆ ಕೆಳಕ್ಕೆ ವಾಲುವುದು ಟಾರ್ಚಿನ ಬೆಳಕಿಗೆ ಕಾಣುತ್ತದೆ. ಎಲ್ಲಿ ಅದು ಹೋಗಲು ದಾರಿ ಇಲ್ಲದೆ ಸುಮ್ಮನೆ ನಿಲ್ಲುತ್ತದೋ, ಅಲ್ಲಿ ಸಸಿಮಡಿ ಬೇಡ.