ಅದಿರಿನ ಗ್ರೇಡಿಗಿರುವ ನಿಯಮ ಮಿದುಳಿನ ಸ್ಕ್ಯಾನಿಗೆ ಯಾಕಿಲ್ಲ?

ನಮ್ಮ ವಡ್ಡುವಿನಲ್ಲಿ ಲಾರಿ ಕ್ಲೀನರ್‌ನನ್ನು ಕೇಳಿದರೂ ಅದಿರಿನ ಗ್ರೇಡ್ ಹೇಳ್ತಾನೆ. ಕಬ್ಬಿಣದ ಅಂಶ ಒಂದೆರಡು ಶೇಕಡಾ ಇಳಿದರೆ ದರ ಇಳಿಯುತ್ತೆ, ಹಾಗಾಗಿ ಆ ಸಂಖ್ಯೆಯನ್ನು ಯಾರೂ ಬಾಯಿಮಾತಿನ ಮೇಲೆ ನಂಬಲ್ಲ. ಪರೀಕ್ಷೆಗೆ ಅದಿರಿನ ಮಾದರಿ ಹೇಗೆ ತೆಗೆಯಬೇಕು ಅನ್ನೋದಕ್ಕೂ ಭಾರತೀಯ ಮಾನಕ ಇದೆ.

ಕಳೆದ ವರ್ಷ ದೊಡ್ಡಪ್ಪನ ಮಿದುಳಿನಲ್ಲಿ ಗಡ್ಡೆಯ ಅನುಮಾನ ಬಂತು. ಎಂಆರ್‌ಐ ಜೊತೆ ಸ್ಪೆಕ್ಟ್ರೋಸ್ಕೋಪಿ ಮಾಡಿಸಿದೆವು. ಮಾಮೂಲಿ ಎಂಆರ್‌ಐ ಗಡ್ಡೆಯ ಆಕಾರ ತೋರಿಸುತ್ತೆ. ಇದು ಆ ಜಾಗದಲ್ಲಿ ಯಾವ ರಾಸಾಯನಿಕ ಎಷ್ಟಿದೆ ಅಂತ ಅಂದಾಜಿಸುತ್ತೆ. ಒಂದು ಕಡೆ ಕೋಲೀನ್–ಎನ್‌ಎಎ ಅನುಪಾತ 1.6 ಬಂತು. ಮೂರು ವಾರದ ನಂತರ ಇನ್ನೊಂದು ಸೆಂಟರ್‌ನಲ್ಲಿ 2.3.

"ಏನಪ್ಪಾ, ಇಷ್ಟರಾಗ ಜಾಸ್ತಿ ಆತೇನು?" ಅಂದ್ರು ದೊಡ್ಡಪ್ಪ.

ಎರಡೂ ಫಿಲ್ಮ್‌ಗಳನ್ನು ಬೆಳಕಿಗೆ ಹಿಡಿದು ಮೂಲೆಯ ಸಣ್ಣಕ್ಷರ ಓದಿದೆ. ಒಂದರಲ್ಲಿ ಎಕೋ ಟೈಮ್ 30 ಮಿಲಿಸೆಕೆಂಡ್, ಇನ್ನೊಂದರಲ್ಲಿ 144. ಒಂದೊಂದು ರಾಸಾಯನಿಕದ ಸಿಗ್ನಲ್ ಒಂದೊಂದು ವೇಗದಲ್ಲಿ ಕುಗ್ಗುತ್ತೆ. ತಡವಾಗಿ ಅಳೆದರೆ ರೋಗ ಇದ್ದಲ್ಲೇ ಇದ್ದರೂ ಅನುಪಾತ ಬೇರೆಯಾಗಬಹುದು. ಲ್ಯಾಕ್ಟೇಟ್ ಅಂತೂ 144ರಲ್ಲಿ ತಲೆಕೆಳಗಾಗಿಯೇ ಕಾಣುತ್ತೆ. ಸಾಲದ್ದಕ್ಕೆ, ಅನುಪಾತ ಏರಿದರೆ ಕೋಲೀನ್ ಹೆಚ್ಚಿತೋ ಎನ್‌ಎಎ ಕಡಿಮೆಯಾಯಿತೋ ಅದೊಂದರಿಂದಲೇ ಗೊತ್ತಾಗಲ್ಲ. ನೀರಿನ ಸಿಗ್ನಲ್ಲನ್ನು ಅಳತೆಗೋಲಾಗಿಟ್ಟು ಪ್ರಮಾಣ ಲೆಕ್ಕ ಹಾಕುವ ವಿಧಾನ ಇದೆ. ಅದಕ್ಕೆ ಹೆಚ್ಚು ಸಮಯ ಬೇಕು, ತಿಳಿದವರೂ ಬೇಕು.

ಹೊಸ ತಂತ್ರಜ್ಞಾನ ಬಂದರೆ ಸರಿಹೋಗುತ್ತೆ ಅನ್ನೋದೂ ಸುಳ್ಳು. ಕಾರ್ಬನ್-13 ಪೈರುವೇಟ್ ಚುಚ್ಚಿ, ಅದು ಲ್ಯಾಕ್ಟೇಟ್ ಆಗುವುದನ್ನು ನೋಡುವ ಎಂಆರ್‌ಐಯ ಮೊದಲ ಮಾನವ ಪ್ರಯೋಗದ ವರದಿ ಬಂದದ್ದು 2013ರಲ್ಲಿ, ಕ್ಯಾಲಿಫೋರ್ನಿಯಾದಿಂದ. ಅಲ್ಲೂ ಇದೇ ಗೋಳು: ಎರಡರ ಒಟ್ಟು ಸಿಗ್ನಲ್ ಭಾಗಿಸಿದರೆ ಒಂದು ಅಂಕಿ, ಪರಿವರ್ತನೆಯ ವೇಗ ಲೆಕ್ಕ ಹಾಕಿದರೆ ಮತ್ತೊಂದು.

ಇದು ಬರೀ ಡಾಕ್ಟರುಗಳ ವಿಷಯ ಅಲ್ಲ. 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ನಿಧಿ ಗಣಿಬಾಧಿತ ಜನರ ದುಡ್ಡು. ಆರೋಗ್ಯ ಅದರ ಆದ್ಯತೆಯ ಕ್ಷೇತ್ರ. ಆದರೆ ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳಲು ಯಂತ್ರ ಸಾಕು, ಭೌತವಿಜ್ಞಾನಿಯ ಹುದ್ದೆ ಫೋಟೋದಲ್ಲಿ ಬೀಳಲ್ಲ. ಸ್ಕ್ಯಾನರ್‌ಗೆ ಟೆಂಡರ್ ಕರೆಯುವಾಗಲೇ ಷರತ್ತು ಹಾಕಬೇಕು: ರಿಪೋರ್ಟ್‌ನಲ್ಲಿ ಅಳತೆಯ ವಿಧಾನ ಮತ್ತು ದೋಷದ ಅಂದಾಜು ಇರಬೇಕು, ಪ್ರಮಾಣ ಗೊತ್ತಿರುವ ದ್ರಾವಣ ಇಟ್ಟು ಯಂತ್ರವನ್ನು ಆಗಾಗ ಪರೀಕ್ಷಿಸಬೇಕು.

ದೊಡ್ಡಪ್ಪನಿಗೆ ಮೂರನೇ ಸ್ಕ್ಯಾನ್ ಮೊದಲಿನ ಸೆಂಟರ್‌ನಲ್ಲೇ, ಅದೇ 30ಕ್ಕೆ ಮಾಡಿಸಿದೆವು. 1.7 ಬಂತು. ನಡುವೆ ಹೋದ ಎರಡು ತಿಂಗಳು ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ.