ಫೈಲು ಸಾಗಿದರೆ ಸಾಲದು, ಕಾರಣವೂ ಸಾಗಬೇಕು

ಡೊಂಬಿವಲಿಯ ಎಂಐಡಿಸಿಯಿಂದ ನವಿ ಮುಂಬೈನ ರಬಾಳೆ, ಮಹಾಪೆವರೆಗೆ ಎಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಸಣ್ಣ, ಮಧ್ಯಮ ಕಂಪನಿಗಳು ಸಾಕಷ್ಟಿವೆ. ಬೆಂಗಳೂರಿನ ಪೀಣ್ಯ ಬಲ್ಲವರಿಗೆ ಇಲ್ಲಿನ ಚಿತ್ರ ಹೊಸದೇನಲ್ಲ. ಹತ್ತು ಹದಿನೈದು ವರ್ಷಗಳ ಸರ್ಕ್ಯೂಟ್ ವಿನ್ಯಾಸಗಳು ಒಬ್ಬರ ಡಿ ಡ್ರೈವ್‌ನಲ್ಲಿ, ಇನ್ನೊಬ್ಬರ ಇಮೇಲ್‌ನಲ್ಲಿ, ಮತ್ತೊಬ್ಬರ ತಲೆಯಲ್ಲಿ ಇರುತ್ತವೆ. ಕಂಪನಿ ಬೆಳೆಯುತ್ತದೆ, ದೊಡ್ಡ ಗ್ರಾಹಕರು ಆಡಿಟ್‌ಗೆ ಬರುತ್ತಾರೆ, ಆಡಳಿತದವರು ‘ಪ್ರಾಡಕ್ಟ್ ಲೈಫ್‌ಸೈಕಲ್ ಮ್ಯಾನೇಜ್‌ಮೆಂಟ್’ ಅಂದರೆ ಪಿಎಲ್‌ಎಂ ತಂತ್ರಾಂಶ ಕೊಳ್ಳುತ್ತಾರೆ. ಆಮೇಲೆ ನಮ್ಮಂಥ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಆದೇಶ ಬರುತ್ತದೆ: ‘ಹಳೇ ಪ್ರಾಜೆಕ್ಟುಗಳನ್ನೆಲ್ಲ ತಿಂಗಳೊಳಗೆ ಅದಕ್ಕೆ ಹಾಕಿಬಿಡಿ.’

‘ಹಾಕಿಬಿಡಿ’ ಎಂಬ ಆ ಮಾತಿನಲ್ಲೇ ತೊಂದರೆ ಇದೆ. ಪಿಎಲ್‌ಎಂ ಎಂದರೆ ಫೈಲು ತುಂಬಿಡುವ ಗೋದಾಮಲ್ಲ. ಯಾವ ಬೋರ್ಡಿನಲ್ಲಿ ಯಾವ ಬಿಡಿಭಾಗವಿದೆ, ಅದರ ಎಷ್ಟನೇ ಆವೃತ್ತಿ ಉತ್ಪಾದನೆಯಲ್ಲಿದೆ, ಕಳೆದ ಬದಲಾವಣೆಯನ್ನು ಯಾರು ಕೇಳಿದರು, ಯಾರು ಒಪ್ಪಿದರು, ಏಕೆ ಒಪ್ಪಿದರು ಎಂಬುದಕ್ಕೆಲ್ಲ ಒಂದೇ ಕಡೆ ಒಂದೇ ಉತ್ತರ ಸಿಗಬೇಕು. ಅದಕ್ಕಾಗಿ ಮಾಡಿದ ವ್ಯವಸ್ಥೆ ಅದು. ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಎಂಬ ಮೂರು ಫೋಲ್ಡರ್‌ಗಳನ್ನು ಹಾಗೇ ಎತ್ತಿ ಒಳಗಿಟ್ಟರೆ ಗೊಂದಲ ಹಾಗೇ ಉಳಿಯುತ್ತದೆ, ಅದರ ಮೇಲೆ ಮಂಜೂರಾತಿಯ ಮುದ್ರೆ ಬೇರೆ ಬೀಳುತ್ತದೆ.

ಗೊಂದಲ ಶುರುವಾಗುವುದು ಅತಿ ಸಣ್ಣ ವಸ್ತುವಿನಿಂದ. ಒಂದೇ ರೆಸಿಸ್ಟರನ್ನು ಒಬ್ಬರು ‘10ಕೆ’ ಎಂದು, ಇನ್ನೊಬ್ಬರು ‘10 ಕಿಲೋ ಓಮ್’ ಎಂದು, ಮೂರನೆಯವರು ‘ಆರ್-10ಕೆ-0603’ ಎಂದು ಬರೆದಿರುತ್ತಾರೆ. ಮನುಷ್ಯನ ಕಣ್ಣಿಗೆ ಮೂರೂ ಒಂದೇ. ಪಿಎಲ್‌ಎಂಗೆ ಅವು ಮೂರು ಬೇರೆ ವಸ್ತುಗಳು, ಮೂರು ಖರೀದಿ ಆದೇಶಗಳು. ಇದಕ್ಕೆ ವಿರುದ್ಧವಾದದ್ದು ಇನ್ನೂ ಅಪಾಯಕಾರಿ. ಹೆಸರು ಒಂದೇ ಇದ್ದು, ಒಳಗಿನ ಕೆಪ್ಯಾಸಿಟರ್‌ನ ವೋಲ್ಟೇಜ್ ಸಾಮರ್ಥ್ಯ ಬೇರೆಯಾಗಿದ್ದರೆ ಆ ವ್ಯತ್ಯಾಸ ಗೊತ್ತಾಗುವುದು ಗ್ರಾಹಕರ ಸ್ಥಳದಲ್ಲಿ ಬೋರ್ಡು ಸುಟ್ಟಾಗಲೇ.

ಇದು ಸಣ್ಣ ಕಂಪನಿಗಳ ಕಾಯಿಲೆ ಮಾತ್ರವಲ್ಲ. ಏರ್‌ಬಸ್ ಎ380 ವಿಮಾನದಲ್ಲಿ 500 ಕಿ.ಮೀ.ಗೂ ಹೆಚ್ಚು ವಿದ್ಯುತ್ ತಂತಿ ಇರುತ್ತದೆ. ಜರ್ಮನಿಯ ಮತ್ತು ಫ್ರಾನ್ಸಿನ ತಂಡಗಳು ಒಂದೇ ವಿನ್ಯಾಸ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳನ್ನು ಬಳಸಿದ್ದವು. ಹ್ಯಾಂಬರ್ಗ್‌ನಿಂದ ಬಂದ ತಂತಿಗಳು ಟುಲೂಸ್‌ನಲ್ಲಿ ಜೋಡಿಸಲು ಹೋದಾಗ ಸರಿಹೊಂದಲಿಲ್ಲ. 2006ರಲ್ಲಿ ಕಂಪನಿ ಮತ್ತೆ ಮತ್ತೆ ವಿಳಂಬ ಘೋಷಿಸಬೇಕಾಯಿತು. ಫೈಲು ತಲುಪಿತ್ತು, ಅರ್ಥ ತಲುಪಿರಲಿಲ್ಲ.

ಮಾಹಿತಿ ಸರಿಯಿದ್ದರೆ ಏನು ಲಾಭ ಎಂಬುದನ್ನು 2021 ಎಲ್ಲರಿಗೂ ಕಲಿಸಿತು. ಚಿಪ್ ಕೊರತೆ ಆಗಲೇ ಇತ್ತು. ಮಾರ್ಚ್‌ನಲ್ಲಿ ಜಪಾನಿನ ನಾಕಾದಲ್ಲಿರುವ ರೆನೆಸಾಸ್ ಕಾರ್ಖಾನೆಗೆ ಬೆಂಕಿ ಬಿದ್ದು ಅದು ಇನ್ನಷ್ಟು ಬಿಗಡಾಯಿಸಿತು. ಅಂಥ ದಿನ ಕೇಳಬೇಕಾದ ಪ್ರಶ್ನೆ ಸರಳ: ‘ಈ ಚಿಪ್ ನಮ್ಮ ಯಾವ ಯಾವ ಬೋರ್ಡಿನಲ್ಲಿದೆ, ಬದಲಿಗೆ ಯಾವುದು ನಡೆಯುತ್ತದೆ?’ ದಾಖಲೆ ಒಂದೆಡೆ ಇದ್ದರೆ ಉತ್ತರ ನಿಮಿಷಗಳಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಒಂದೊಂದೇ ಎಕ್ಸೆಲ್ ಹಾಳೆ ತೆರೆದು ಹುಡುಕುತ್ತ ಕೂರಬೇಕು.

ಹಾಗಾದರೆ ಸಾಗಿಸುವುದು ಹೇಗೆ? ಪಾಠ ಇಲ್ಲೇ ಇದೆ. ಮುಂಬೈನಲ್ಲಿ 1925ರಲ್ಲಿ ವಿದ್ಯುತ್ ರೈಲು ಆರಂಭವಾದದ್ದು 1,500 ವೋಲ್ಟ್ ಡಿಸಿಯಲ್ಲಿ. ರೈಲ್ವೆ ಅದಕ್ಕಾಗಿ ಕಟ್ಟಿಸಿದ ಪವರ್‌ಹೌಸ್ ಇದ್ದದ್ದು ನಾನಿರುವ ಈ ಠಾಕುರ್ಲಿಯಲ್ಲೇ. ಈ ಜಾಲವನ್ನು 25,000 ವೋಲ್ಟ್ ಎಸಿಗೆ ಬದಲಿಸಲು ಹಲವು ವರ್ಷ ಹಿಡಿಯಿತು. ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ ಅದು ಪೂರ್ತಿಯಾದದ್ದು 2015ರಲ್ಲಿ, ಹಾರ್ಬರ್ ಮಾರ್ಗದಲ್ಲಿ 2016ರಲ್ಲಿ. ಲೋಕಲ್ ನಿಲ್ಲಿಸಿ ಕೆಲಸ ಮಾಡುವ ಹಾಗಿರಲಿಲ್ಲ. ಮಾರ್ಗವನ್ನು ಹಂತಹಂತವಾಗಿ ಬದಲಿಸಿದರು, ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡುವ ರೈಲುಗಳನ್ನು ನಡುವಿನ ಕಾಲಕ್ಕೆ ಓಡಿಸಿದರು.

ನಮ್ಮ ಕೆಲಸಕ್ಕೂ ಇದೇ ಕ್ರಮ ಒಪ್ಪುತ್ತದೆ. ಮೊದಲು ಪ್ರಾಜೆಕ್ಟುಗಳನ್ನು ಮೂರು ಪಾಲು ಮಾಡಬೇಕು: ಈಗ ತಯಾರಾಗುತ್ತಿರುವವು, ತಯಾರಿಕೆ ನಿಂತರೂ ರಿಪೇರಿಗೆ ಬರುವವು, ಯಾರೂ ಕೇಳದವು. ಮೂರನೆಯ ಪಾಲನ್ನು ಓದಲು ಮಾತ್ರ ಬರುವಂತೆ ಒಂದೆಡೆ ಇಟ್ಟರೆ ಸಾಕು. ಎರಡನೆಯದು, ಪ್ರಾಜೆಕ್ಟಿಗಿಂತ ಮೊದಲು ಬಿಡಿಭಾಗಗಳ ಪಟ್ಟಿ ಶುದ್ಧವಾಗಬೇಕು. ತಯಾರಕರ ಹೆಸರು, ಅವರ ಪಾರ್ಟ್ ನಂಬರ್, ಒಪ್ಪಿತ ಬದಲಿ ಭಾಗ ಇಷ್ಟಾದರೂ ಪ್ರತಿಯೊಂದಕ್ಕೂ ಇರಬೇಕು. ಮೂರನೆಯದು, ಹಳೆಯ ಇತಿಹಾಸವನ್ನೆಲ್ಲ ಹೊಸ ವ್ಯವಸ್ಥೆಯಲ್ಲಿ ಮತ್ತೆ ಕಟ್ಟುವ ಹಟ ಬೇಡ. ಕೊನೆಯ ಬಾರಿ ಕಾರ್ಖಾನೆಗೆ ಹೋದ ಗರ್ಬರ್ ಫೈಲು, ಆಗ ಬಳಸಿದ ಬಿಡಿಭಾಗಗಳ ಪಟ್ಟಿ, ಕಪಾಟಿನಲ್ಲಿರುವ ನಿಜವಾದ ಬೋರ್ಡು ಈ ಮೂರನ್ನೂ ಹೋಲಿಸಿ, ಹೊಂದಿಕೆಯಾದದ್ದನ್ನೇ ಮೊದಲ ಅಧಿಕೃತ ಆವೃತ್ತಿ ಎಂದು ದಾಖಲಿಸಬೇಕು. ಕೊನೆಗೆ, ಪಿಎಲ್‌ಎಂನಿಂದ ತೆಗೆದ ಪಟ್ಟಿಯಿಂದಲೇ ಒಂದು ಸಣ್ಣ ಕಂತು ಬೋರ್ಡು ಮಾಡಿಸಿ ನೋಡಬೇಕು. ಅದು ಸರಿಬಂದ ದಿನ ಹಳೆಯ ಫೋಲ್ಡರಿಗೆ ಬೀಗ ಹಾಕಬೇಕು. ಎರಡೂ ಕಡೆ ತಿದ್ದಲು ಬಿಟ್ಟರೆ ವರ್ಷದೊಳಗೆ ಮತ್ತದೇ ಕಥೆ.

‘ಇಷ್ಟಕ್ಕೆಲ್ಲ ಸಮಯವೆಲ್ಲಿದೆ, ಎಕ್ಸೆಲ್‌ನಲ್ಲೇ ನಡೆಯುತ್ತಿತ್ತಲ್ಲ’ ಎನ್ನುವವರಿದ್ದಾರೆ. ನಾಲ್ಕು ಜನರ, ಎರಡು ಉತ್ಪನ್ನಗಳ ಕಂಪನಿಗೆ ಆ ಮಾತು ನಿಜ ಕೂಡ. ಶಿಸ್ತಿನ ಎಕ್ಸೆಲ್ ಹಾಳೆ ಅಶಿಸ್ತಿನ ಪಿಎಲ್‌ಎಂಗಿಂತ ಮೇಲು. ಆದರೆ ಲೈಸೆನ್ಸಿಗೆ ಲಕ್ಷಗಟ್ಟಲೆ ಕೊಟ್ಟ ಮೇಲೆ ಜನರ ಸಮಯಕ್ಕೆ ಜಿಪುಣತನ ಮಾಡುವುದರಲ್ಲಿ ಅರ್ಥವಿಲ್ಲ.

ಏಕೆಂದರೆ ಯಾವ ಸ್ಕ್ರಿಪ್ಟೂ ಸಾಗಿಸಲಾರದ ಒಂದು ಸಂಗತಿ ಇದೆ. ಈ ಡಯೋಡನ್ನು ಉದ್ದೇಶಪೂರ್ವಕವಾಗಿ ದೂರ ಇಟ್ಟದ್ದೇಕೆ, ಅಗ್ಗದ ರೆಗ್ಯುಲೇಟರ್ ಇದ್ದರೂ ದುಬಾರಿಯದನ್ನು ಹಾಕಿದ್ದೇಕೆ ಎಂಬುದು ಯಾವ ಫೈಲಿನಲ್ಲೂ ಇರುವುದಿಲ್ಲ. ಅದು ಇನ್ನು ಕೆಲವು ತಿಂಗಳಲ್ಲಿ ನಿವೃತ್ತರಾಗುವ ಹಿರಿಯ ಡಿಸೈನರ್ ತಲೆಯಲ್ಲಿರುತ್ತದೆ, ಬೋರ್ಡು ರಿಪೇರಿ ಮಾಡುವ ಹಳೆಯ ಟೆಕ್ನಿಷಿಯನ್ ಕೈಯಲ್ಲಿರುತ್ತದೆ. ಅವರು ಬರೆದುಕೊಡಲಿ ಎಂದು ಕಾದರೆ ಆಗದು. ಅವರ ಜೊತೆ ಬೋರ್ಡಿಗೆ ಎರಡು ಗಂಟೆಯಂತೆ ಕುಳಿತು ಕೇಳಿ, ಕಾರಣಗಳನ್ನು ಆಯಾ ಆವೃತ್ತಿಯ ಜೊತೆಗೇ ಬರೆದಿಡಬೇಕು. ಅದು ಯೋಜನೆಯ ವೇಳಾಪಟ್ಟಿಯಲ್ಲಿ ಹೆಸರು ಹೇಳಿ ಸೇರಿಸಬೇಕಾದ ಕೆಲಸ, ಬಿಡುವಿದ್ದಾಗ ಮಾಡುವಂಥದ್ದಲ್ಲ.

ಊರು ಬಿಟ್ಟು ದುಡಿಯುವ ನಮಗೆ ಇದು ಇನ್ನೂ ಹತ್ತಿರದ ವಿಷಯ. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರು ನಮ್ಮಲ್ಲಿ ಬಹಳ ಜನ. ಪುಣೆಗೋ, ಹೈದರಾಬಾದಿಗೋ, ಮರಳಿ ಬೆಂಗಳೂರಿಗೋ ಹೊರಟಾಗ ನೋಟಿಸ್ ಅವಧಿಯ ಕೊನೆಯ ವಾರ ‘ಹ್ಯಾಂಡೋವರ್’ ಎಂದು ಒಂದು ಫೋಲ್ಡರ್ ಕೊಟ್ಟು ಕೈತೊಳೆದುಕೊಳ್ಳುವುದು ರೂಢಿ. ನಾವು ಹೋದ ಮೇಲೆ ನಮ್ಮ ಕುರ್ಚಿಗೆ ಬರುವ ಹುಡುಗನೋ ಹುಡುಗಿಯೋ ಆ ಬೋರ್ಡಿನ ಮುಂದೆ ತಲೆ ಕೆರೆದುಕೊಳ್ಳಬಾರದು. ಈ ವಾರ ಒಂದು ವಿನ್ಯಾಸ ಬದಲಿಸುತ್ತಿದ್ದರೆ, ಏಕೆ ಬದಲಿಸಿದಿರಿ ಎಂದು ಎರಡು ಸಾಲು ಅಲ್ಲೇ ಬರೆಯಿರಿ. ಪಿಎಲ್‌ಎಂ ಬರುವವರೆಗೆ ಕಾಯಬೇಕಿಲ್ಲ.